ಬಲಮಗ್ಗುಲಿನ ಗಾಲಿಗಳು

ಶಿರಹಟ್ಟಿಯ ಬಸ್ ನಿಲ್ದಾಣದ ಎದುರು ಬಾಡಿಗೆ ಕಾರುಗಳು ನಿಲ್ಲುವ ಜಾಗದಲ್ಲಿ ಲಾಡಸಾಬನ ಅಂಬಾಸಿಡರ್ ಎಲ್ಲಕ್ಕಿಂತ ಕೊನೆಗೆ, ಹತ್ತಿಯ ಹಳೆಯ ಗೋದಾಮಿನ ಗೋಡೆಗೆ ಬಲಮಗ್ಗುಲು ಆನಿಸಿ ನಿಲ್ಲುತ್ತಿತ್ತು. ಗೋಡೆಗೂ ಕಾರಿಗೂ ನಡುವೆ ಅವನು ಒಂದು ಗೇಣಿಗಿಂತ ಹೆಚ್ಚು ಜಾಗ ಬಿಡುತ್ತಿರಲಿಲ್ಲ. ಹಾಗೆ ನಿಲ್ಲಿಸಿದ ಮೇಲೆ ಅವನದೇ ಬಾಗಿಲು ತೆರೆಯಲು ಬರುತ್ತಿರಲಿಲ್ಲ. ಮುಂದಿನ ಉದ್ದ ಸೀಟಿನ ಮೇಲೆ ಜರುಗುತ್ತ ಜರುಗುತ್ತ ಎಡಗಡೆಯ ಬಾಗಿಲಿಗೆ ಬಂದು ಇಳಿಯುತ್ತಿದ್ದ. ಎತ್ತರದ ಆಳು. ಮೊಣಕಾಲು ಮಡಚಿ, ತಲೆ ತಗ್ಗಿಸಿ ಅವನು ಇಳಿಯುವುದನ್ನು ನೋಡಿ ಉಳಿದ ಡ್ರೈವರುಗಳು ನಗುತ್ತಿದ್ದರು.

ಪಕ್ಕದ ಕಾರಿನ ಗವಿಸಿದ್ದಪ್ಪ ಬಾಯಿ ಬಿಗಿಹಿಡಿಯುವವನಲ್ಲ. "ಲೇ ಲಾಡಸಾಬ, ನಿನ್ನ ಗಾಡಿ ಹೊಸಾ ಸೊಸಿ ಆಗೇತೇನಲೇ? ಯಾವಾಗ ನೋಡಿದ್ರೂ ಗ್ವಾಡಿಗೆ ಮಾರಿ ಮಾಡಿ ನಿಂತಿರತೈತಿ" ಎನ್ನುತ್ತಿದ್ದ. ಲಾಡಸಾಬ ನಗುವನು. ರಸ್ತೆಗೆ ಅಡ್ಡವಾಗಬಾರದೆಂದು ಹಾಗೆ ನಿಲ್ಲಿಸುತ್ತೇನೆಂದು ಹೇಳುವನು. ಜನ ಅದನ್ನು ನಂಬಿದ್ದರು. ಇಷ್ಟು ಕಾಳಜಿಯ ಮನುಷ್ಯ ಇನ್ನೊಬ್ಬನಿಲ್ಲ ಎನ್ನುತ್ತಿದ್ದರು.

ನಿಜ ಇಷ್ಟೇ. ಬಾಡಿಗೆಗೆ ಬರುವವರು ಹತ್ತುವುದು ಎಡಗಡೆಯಿಂದ. ಅದಕ್ಕೆ ಅವನು ತನ್ನಲ್ಲಿದ್ದ ನಾಲ್ಕು ಟಾಯರುಗಳಲ್ಲಿ ನೋಡಲು ಚೆನ್ನಾಗಿದ್ದ ಎರಡನ್ನು ಎಡಗಡೆಗೆ ಹಾಕುತ್ತಿದ್ದ. ಬೆಳಿಗ್ಗೆ ಎದ್ದು ಅವುಗಳನ್ನು ತೊಳೆದು, ಬೂಟಿಗೆ ಹಚ್ಚುವ ಕರಿ ಪಾಲಿಶನ್ನು ಅರಿವೆಯಿಂದ ತಿಕ್ಕುತ್ತಿದ್ದ. ಬಿರುಕು ಬಿಟ್ಟದ್ದು, ಮಗ್ಗುಲಲ್ಲಿ ಕಡುಬಿನ ಹಾಗೆ ಉಬ್ಬಿದ್ದು, ಒಳಗೆ ತೇಪೆ ಕೂರಿಸಿದ್ದು ಬಲಗಡೆಗೆ. ಗೋಡೆಯ ಕಡೆಗೆ.

ಲಾಡಸಾಬ ಲಾರಿಯ ಕ್ಲೀನರನಾಗಿ ದುಡಿದು, ಆಮೇಲೆ ಲಾರಿ ನಡೆಸಿ, ಎಪ್ಪತ್ಮೂರರಲ್ಲಿ ಗದಗಿನ ಒಬ್ಬ ವ್ಯಾಪಾರಿಯಿಂದ ಆ ಕಾರನ್ನು ಕೊಂಡಿದ್ದ. ಅವನು ಅದಕ್ಕೆ ಮೂರನೆಯ ಒಡೆಯ. ವರ್ಷದೊಳಗೆ ಟಾಯರು ಸವೆದು ಅಂಗೈಯಷ್ಟು ನುಣ್ಣಗಾದವು. ಹೊಸವು ಕೈಗೆ ಎಟಕುವಂತಿರಲಿಲ್ಲ. ಗದಗಿನ ಮುಳಗುಂದ ನಾಕಾದ ಹತ್ತಿರ ದಸ್ತಗೀರಸಾಬ ಎಂಬ ಮುದುಕ ರಿಸೋಲ್ ಅಂಗಡಿ ಇಟ್ಟಿದ್ದ. ಸವೆದ ಟಾಯರಿನ ಮೇಲೆ ಹೊಸ ರಬ್ಬರಿನ ಪಟ್ಟಿ ಇಟ್ಟು, ಬಿಸಿ ಅಚ್ಚಿನಲ್ಲಿ ಬೇಯಿಸಿ ಅಂಟಿಸಿಕೊಡುವ ಕೆಲಸ. ಮುದುಕ ಮುಚ್ಚುಮರೆ ಮಾಡಲಿಲ್ಲ. ಮೇಲಿನ ರಬ್ಬರು ಹೊಸದು, ಒಳಗಿನ ಮೈ ಹಳೆಯದೇ, ಓಡಿಸುವವನು ಅದನ್ನು ಮರೆಯಬಾರದು ಎಂದು ಹೇಳಿಯೇ ಕೊಟ್ಟ.

ಲಾಡಸಾಬ ಮರೆತ. ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಮುಂಡರಗಿಗೆ ಒಬ್ಬರನ್ನು ಬಿಟ್ಟು ಖಾಲಿ ಕಾರಿನಲ್ಲಿ ಒಬ್ಬನೇ ಜೋರಾಗಿ ಬರುತ್ತಿದ್ದ. ನಡು ಮಧ್ಯಾಹ್ನ. ಹಿಂದಿನ ಗಾಲಿಯ ಪಟ್ಟಿ ಕಿತ್ತು ಪಟಪಟನೆ ತಗಡಿಗೆ ಬಡಿಯಿತು. ಕಾರು ಒಂದು ಕಡೆಗೆ ಎಳೆದು, ರಸ್ತೆ ಬಿಟ್ಟು, ಎರಿಹೊಲದ ಬದುವಿಗೆ ಹೋಗಿ ನಿಂತಿತು. ಅವನಿಗೆ ಏನೂ ಆಗಲಿಲ್ಲ. ಕಿತ್ತುಬಂದ ಪಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬದುವಿನ ಮೇಲೆ ಬಹಳ ಹೊತ್ತು ಕೂತಿದ್ದ. ಅದು ಇನ್ನೂ ಬಿಸಿಯಾಗಿತ್ತು.

ಪಟ್ಟಿಯನ್ನು ತೆಗೆದುಕೊಂಡು ಹೋಗಿ ದಸ್ತಗೀರಸಾಬನ ಮುಂದೆ ಹಾಕಿದಾಗ ಮುದುಕ ಮೊದಲು ಕೇಳಿದ್ದು ಎಷ್ಟು ಜೋರಾಗಿ ಓಡಿಸಿದೆ ಎಂದು. ಆಮೇಲೆ ಒಂದು ಪಾಠ ಹೇಳಿಕೊಟ್ಟ. "ನಲವತ್ತರ ಮ್ಯಾಲೆ ಮುಳ್ಳು ಏರಸಬ್ಯಾಡ. ಅರ್ಧಾ ದಾರಿಗೆ ಇಳದು ನಾಕೂ ಗಾಲಿ ಮ್ಯಾಲೆ ಅಂಗೈ ಇಟ್ಟು ನೋಡು. ಐದು ಎಣಸೂತನಕಾ ಕೈ ಇಟ್ಟಿರಾಕ ಬಂತಂದ್ರ ಮುಂದ ಹೋಗು. ಅದರೊಳಗ ಕೈ ತಗದ್ಯೋ, ಅಲ್ಲೇ ನಿಂದ್ರು, ಆರಲಿ."

ಅಂದಿನಿಂದ ಲಾಡಸಾಬ ಆ ಪಾಠವನ್ನು ಒಂದು ದಿನವೂ ಬಿಡಲಿಲ್ಲ. ಶಿರಹಟ್ಟಿಯಿಂದ ಗದಗಿಗೆ ಹೋಗುವ ದಾರಿಯ ನಡುವೆ ಒಂದು ಒಂಟಿ ಬೇವಿನ ಗಿಡವಿತ್ತು. ಸುತ್ತ ಹೊಲ, ಬೇರೆ ನೆರಳಿಲ್ಲ. ಅಲ್ಲಿ ನಿಲ್ಲಿಸುತ್ತಿದ್ದ. ರಸ್ತೆ ತುಸು ಇಳಿಜಾರು, ಕಾರಿನ ಕೈಬ್ರೇಕು ಹಿಡಿಯುತ್ತಿರಲಿಲ್ಲ. ಅದಕ್ಕೆ ಒಂದು ದುಂಡನೆಯ ಕಲ್ಲು ಹುಡುಕಿ ಗಿಡದ ಬುಡದಲ್ಲಿ ಇಟ್ಟಿದ್ದ. ಅದನ್ನು ಎರಡೂ ಕೈಯಿಂದ ಎತ್ತಿ ತಂದು ಗಾಲಿಗೆ ಅಡ್ಡ ಇಡುವನು. ಬಗ್ಗಿ ಒಂದೊಂದೇ ಗಾಲಿ ಮುಟ್ಟುತ್ತ ಕಾರಿನ ಸುತ್ತ ಒಂದು ಸುತ್ತು ಬರುವನು. ಎಣಿಸುವಾಗ ತುಟಿ ಅಲುಗುತ್ತಿದ್ದವು. ಕೊನೆಗೆ ಗಿಡದ ಕಡೆಗೆ ತಿರುಗಿ ಎರಡೂ ಅಂಗೈಯಿಂದ ಮುಖದ ಬೆವರು ಒರೆಸಿಕೊಂಡು, ಕಲ್ಲನ್ನು ಮತ್ತೆ ಬುಡಕ್ಕೆ ಒಯ್ದು ಇಡುವನು.

ಎಪ್ಪತ್ತಾರರ ಯುಗಾದಿ ಕಳೆದ ವಾರ, ನಿಲ್ದಾಣದ ಹತ್ತಿರ ಚುರಮರಿ ಪುಟಾಣಿ ಮಾರುವ ಕರಿಯವ್ವ ಓಡುತ್ತ ಬಂದಳು. ಮಗಳು ಹನಮಂತವ್ವನಿಗೆ ಹಿಂದಿನ ದಿನದಿಂದ ಹೆರಿಗೆ ನೋವು, ಕೂಸು ತಿರುಗಿಲ್ಲ, ಗದಗಿನ ದವಾಖಾನೆಗೆ ಒಯ್ಯಬೇಕೆಂದು ಸೂಲಗಿತ್ತಿ ಹೇಳಿದ್ದಳು. ಗವಿಸಿದ್ದಪ್ಪನೂ ಉಳಿದವರೂ ಬಾಡಿಗೆಗೆ ಹೋಗಿದ್ದರು. ಲಾಡಸಾಬನೊಬ್ಬನೇ ಇದ್ದ. ಹನಮಂತವ್ವನನ್ನು ಹಿಂದಿನ ಸೀಟಿನಲ್ಲಿ ಅವನ ಬೆನ್ನಿನ ಹಿಂದೆ ಒರಗಿಸಿ ಕೂರಿಸಿದರು.

ಅಂದಿನ ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗಿತ್ತು. ಜಲ್ದಿ ಹೋಗಬೇಕೆಂದು ಲಾಡಸಾಬನ ಜೀವವೂ ಹೇಳುತ್ತಿತ್ತು. ಹಿಂದೆ ಕೂತ ಹುಡುಗಿ ಅವನ ಸೀಟಿನ ಅಂಚನ್ನು ಹಿಡಿದು ಹಿಂಡುತ್ತಿದ್ದಳು. ಆದರೂ ಮುಳ್ಳು ನಲವತ್ತು ದಾಟಲಿಲ್ಲ. ಬೇವಿನ ಗಿಡ ಬಂದಾಗ ನಿಲ್ಲಿಸಿದ. ಇಳಿದು, ಕಲ್ಲು ಇಟ್ಟು, ಗಾಲಿ ಮುಟ್ಟಿದ. ಬಲಗಡೆಯ ಹಿಂದಿನದರ ಮೇಲೆ ಮೂರು ಎಣಿಸುವುದರೊಳಗೆ ಕೈ ಸುಟ್ಟಿತು. ಸ್ವಲ್ಪ ತಡೆದು ಮತ್ತೆ ಮುಟ್ಟಿದ. ಮತ್ತೆ ಎಣಿಸಿದ, ಈ ಸಲ ಐದು ಮುಟ್ಟಿತು. ಮುಖ ಒರೆಸಿಕೊಂಡು ತಿರುಗಿದಾಗ ಕರಿಯವ್ವ ಕಾರಿನಿಂದ ಇಳಿದು ಗಿಡದ ಮುಂದೆ ಸೆರಗು ಹೊದ್ದು ನಿಂತಿದ್ದಳು.

"ತಮ್ಮಾ, ಇಲ್ಲಿ ಯಾರ ಗದ್ದಗಿ ಐತಿ?" ಎಂದು ಕೇಳಿದಳು.

ಶಿರಹಟ್ಟಿಯ ಕಡೆಯ ಜನ ಗದ್ದುಗೆಗೂ ದರ್ಗಾಕ್ಕೂ ಒಂದೇ ರೀತಿ ಕೈ ಎತ್ತುವವರು. ಅವಳ ಪ್ರಶ್ನೆಯಲ್ಲಿ ಅನುಮಾನವಿರಲಿಲ್ಲ. ಲಾಡಸಾಬ ಟಾಯರು ಎನ್ನಬಹುದಿತ್ತು. ಒಳಗೆ ಹುಡುಗಿ ನರಳುತ್ತಿರುವಾಗ, ನಿಮ್ಮ ಮಗಳನ್ನು ಕೂರಿಸಿದ ಗಾಲಿ ಎಲ್ಲಿ ಕಿತ್ತುಹೋದೀತೋ ಎಂದು ನೋಡುತ್ತಿದ್ದೇನೆ ಎಂದು ಆ ತಾಯಿಗೆ ಹೇಳಲು ಅವನ ನಾಲಿಗೆ ಏಳಲಿಲ್ಲ.

"ನೆನಸ್ಕೊಂಡು ಮುಂದ ಹೋಗೂದು ನೋಡ್ರಿ ಯವ್ವಾ. ನೀವೂ ಬೇಡ್ಕೋರಿ" ಎಂದುಬಿಟ್ಟ.

ಹನಮಂತವ್ವನಿಗೆ ಅಂದು ಸಂಜೆ ಗಂಡು ಕೂಸು ಹುಟ್ಟಿತು. ತಾಯಿ ಕೂಸು ಇಬ್ಬರೂ ಉಳಿದರು. ಹದಿನೈದು ದಿನ ಬಿಟ್ಟು ಕರಿಯವ್ವ ಬೇವಿನ ಗಿಡಕ್ಕೆ ಹೋಗಿ ಬಂದು ಸಕ್ಕರೆ ಹಂಚಿದಳು. ಚುರಮರಿ ಕೊಳ್ಳಲು ಬಂದವರಿಗೆಲ್ಲ ಕಥೆ ಹೇಳಿದಳು. ಲಾಡಸಾಬ ಎಂಥ ಅವಸರದಲ್ಲೂ ಅಲ್ಲಿ ಇಳಿದು, ಗಾಡಿಯ ಸುತ್ತ ಬಂದು, ನೆಲ ಮುಟ್ಟಿ, ಬಾಯಲ್ಲಿ ಏನೋ ಹೇಳಿಕೊಂಡೇ ಮುಂದೆ ಹೋಗುತ್ತಾನೆ, ಅದಕ್ಕೇ ಅವನ ಗಾಡಿಗೆ ಒಂದು ದಿನವೂ ಏನೂ ಆಗಿಲ್ಲ ಎಂದಳು.

ಮುಂದೆ ಅದು ಅವನ ಕೈಯಲ್ಲಿ ಉಳಿಯಲಿಲ್ಲ. ಬಸುರಿಯರನ್ನು ಗದಗಿಗೆ ಒಯ್ಯುವವರು ಲಾಡಸಾಬನ ಗಾಡಿಯೇ ಬೇಕು ಎನ್ನತೊಡಗಿದರು. ನಿಧಾನ ಹೋಗುತ್ತಾನೆ, ಹೊಟ್ಟೆಯಲ್ಲಿನ ಕೂಸು ಅಲುಗುವುದಿಲ್ಲ ಎಂದು ಹೆಂಗಸರು ಹೊಗಳುತ್ತಿದ್ದರು. ಲಕ್ಷ್ಮೇಶ್ವರದಿಂದಲೂ ಕರೆ ಬರುತ್ತಿತ್ತು. ಒಂದು ದಿನ ಗಿಡದ ಹತ್ತಿರ ನಿಲ್ಲಿಸಿದಾಗ ಅವನ ಕಲ್ಲಿಗೆ ಯಾರೋ ಸುಣ್ಣ ಬಳಿದಿದ್ದರು. ಇನ್ನೊಂದು ದಿನ ಅದರ ಮೇಲೆ ಹಸಿರು ಬಟ್ಟೆ, ಎರಡು ಚೆಂಡುಹೂವು ಇದ್ದವು. ಆ ಕಲ್ಲನ್ನು ಎತ್ತಿ ಗಾಲಿಗೆ ಇಡಲು ಅವನಿಗೆ ಧೈರ್ಯವಾಗಲಿಲ್ಲ. ಮರುದಿನದಿಂದ ಡಿಕ್ಕಿಯಲ್ಲಿ ಒಂದು ಕಟ್ಟಿಗೆಯ ತುಂಡು ಇಟ್ಟುಕೊಂಡ. ಗವಿಸಿದ್ದಪ್ಪನೂ ಅಲ್ಲಿ ಹಾರ್ನ್ ಬಾರಿಸಿ ಮುಂದೆ ಹೋಗತೊಡಗಿದ್ದ. ಬಸ್ಸುಗಳೂ ಒಂದು ಗಳಿಗೆ ತಡೆದು ಹೋಗುತ್ತಿದ್ದವು.

ಎಲ್ಲ ಗೊತ್ತಿದ್ದವಳು ಹೆಂಡತಿ ಖೈರುನಬಿ ಒಬ್ಬಳೇ. ಅವಳಿಗೆ ಅವನು ಹೇಳಿರಲಿಲ್ಲ. ಕೈ ಒರೆಸಿದ ಅವನ ಕರವಸ್ತ್ರದಲ್ಲಿನ ರಬ್ಬರಿನ ಕರಿಯನ್ನು ತಿಕ್ಕಿ ತಿಕ್ಕಿ ಅವಳಿಗೆ ತಾನಾಗಿ ತಿಳಿದಿತ್ತು. ಹೊಸ ಟಾಯರು ಹಾಕಿಸಿ ಇದನ್ನು ಮುಗಿಸಿಬಿಡಿ ಎಂದು ವರ್ಷಕ್ಕೊಮ್ಮೆ ಹೇಳುತ್ತಿದ್ದಳು. ಒಂದು ವರ್ಷ ಮಗಳ ಮದುವೆ ಬಂತು. ಒಂದು ವರ್ಷ ಎಂಜಿನ್ ಕೈಕೊಟ್ಟಿತು. ಮೂರನೆಯ ವರ್ಷ ಯಾವ ನೆವವೂ ಇರಲಿಲ್ಲ. ಕೈಯಲ್ಲಿ ದುಡ್ಡಿತ್ತು. ಅವನು ಮನೆಯ ಮುಂದಿನ ಪಡಸಾಲೆಗೆ ತಗಡು ಹೊದಿಸಿ, ಟಾಯರನ್ನು ಮತ್ತೆ ದಸ್ತಗೀರಸಾಬನ ಹತ್ತಿರವೇ ಒಯ್ದ. ಇಷ್ಟು ವರ್ಷ ನಡೆದಿದೆ, ಇನ್ನೂ ನಡೆದೀತು ಎನ್ನಿಸಿತ್ತು. ಬಡತನ ಎಂದು ಹೇಳಿಕೊಳ್ಳಲು ಆ ವರ್ಷ ಬರುವಂತಿರಲಿಲ್ಲ.

ಎಂಬತ್ತೆರಡರಲ್ಲಿ ನಿಜಲಿಂಗಪ್ಪ ಮಾಸ್ತರರು ಬಾಣಂತಿ ಹೆಂಡತಿಯನ್ನೂ ಕೂಸನ್ನೂ ಗದಗಿನಿಂದ ಕರೆತರುವಾಗ ಬಲಗಡೆಯ ಪಟ್ಟಿ ಮತ್ತೆ ಕಿತ್ತಿತು. ನಿಧಾನ ಇದ್ದುದರಿಂದ ಕಾರು ರಸ್ತೆಯಲ್ಲೇ ನಿಂತಿತು. ಅದು ಬೇವಿನ ಗಿಡದಿಂದ ಕೂಗಳತೆಯ ದೂರ. ಮಾಸ್ತರರು ಇಳಿದು ಗಾಲಿ ನೋಡಲಿಲ್ಲ. ಗಿಡದ ಕಡೆಗೆ ತಿರುಗಿ ಕೈ ಮುಗಿದರು. ಆಮೇಲೆ ಲಾಡಸಾಬನ ಕೈಯನ್ನೂ ಹಿಡಿದುಕೊಂಡು, ನಿಮ್ಮ ನಡತೆಯಿಂದ ಬದುಕಿದೆವು ಎಂದರು. ಅವನು ಆ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ಮನೆಗೆ ಹೋಗಿ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ಎಂಬತ್ತಾರರ ಚಳಿಗಾಲದಲ್ಲಿ ಕರಿಯವ್ವ ಅವನ ಕಾರಿನ ಹತ್ತಿರ ಬಂದಳು. ಮುದುಕಿಯಾಗಿದ್ದಳು, ಕೈಯಲ್ಲಿ ಕೋಲು ಬಂದಿತ್ತು. ಹನಮಂತವ್ವ ಮತ್ತೆ ಬಸುರಿ. ಈ ಸಲದ ಹೆರಿಗೆಗೆ ಮೊದಲು ಬೇವಿನ ಗಿಡಕ್ಕೆ ಕಟ್ಟೆ ಕಟ್ಟಿಸಬೇಕೆಂದು ಮನಸ್ಸು ಮಾಡಿದ್ದಳು. ಕಲ್ಲು ಬೇರೆ ಎಲ್ಲಿಂದಲೂ ತರುವುದಿಲ್ಲ, ತನ್ನ ಮನೆಯ ಮುಂದಿನ ಕಟ್ಟೆಯನ್ನೇ ಕೀಳಿಸಿ ಒಯ್ಯುತ್ತೇನೆ ಎಂದಳು. ಗಂಡ ಕಟ್ಟಿಸಿದ ಕಟ್ಟೆ. ಅವನು ಸಾಯುವ ದಿನದವರೆಗೂ ಕೂತಿದ್ದ ಕಟ್ಟೆ.

"ಹತ್ತು ವರ್ಷ ಆತು ತಮ್ಮಾ, ಹೆಸರು ಗೊತ್ತಿಲ್ಲದಾಂವ್ಗ ಕೈ ಮುಗ್ಯಾಕತ್ತೇವಿ. ಒಂದು ಕಲ್ಲಿನ ಮ್ಯಾಲೆ ಹೆಸರು ಕೊರಸಬೇಕು. ನಿನಗೊಬ್ಬಂವ್ಗ ಗೊತ್ತೈತಿ. ಯಾವ ಅಜ್ಜಂದು ಅದು, ಹೇಳು."

ಲಾಡಸಾಬ ಗುರುವಾರ ಹೇಳುತ್ತೇನೆ ಎಂದ. ಅಂದು ಸೋಮವಾರ.

ಆ ಮೂರು ದಿನ ಅವನು ಬಾಯಿಗೆ ಬಂದ ಹೆಸರುಗಳನ್ನೆಲ್ಲ ಒಳಗೊಳಗೇ ಹೇಳಿ ನೋಡಿದ. ಯಾರೋ ಒಬ್ಬ ಶರಣ, ಯಾರೋ ಒಬ್ಬ ವಲಿ. ಒಂದು ಹೆಸರು ಹೇಳಿದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಒಂದೊಂದು ಹೆಸರಿನ ಹಿಂದೆಯೂ ಅವನಿಗೆ ಕಿತ್ತ ಕಟ್ಟೆ ಕಾಣುತ್ತಿತ್ತು. ಬುಧವಾರ ಊಟಕ್ಕೆ ಕೂತಾಗ, ಯಾವ ಹೆಸರು ಹೇಳಲಿ ಎಂದು ಖೈರುನಬಿಯನ್ನು ಕೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಇಲ್ಲದ ಒಬ್ಬನ ಹೆಸರನ್ನು ಕಲ್ಲಿನ ಮೇಲೆ ಕೊರೆಸಿದರೆ ಅದನ್ನು ಯಾವ ಸೋಪಿನಿಂದ ತಿಕ್ಕಲಿ ಎಂದು ಮಾತ್ರ ಕೇಳಿದಳು.

ಗುರುವಾರ ಬೆಳಿಗ್ಗೆ ಲಾಡಸಾಬ ಕಾರು ತೆಗೆದುಕೊಂಡು ಕರಿಯವ್ವನ ಓಣಿಗೆ ಹೋದ. ಮನೆಯ ಮುಂದೆ ಚಕ್ಕಡಿ ನಿಂತಿತ್ತು. ಚಕ್ಕಡಿಯ ಹೊಳೆಯಪ್ಪ ಕೊನೆಯ ಎರಡು ಕಲ್ಲು ಏರಿಸುತ್ತಿದ್ದ. ಕಟ್ಟೆ ಇದ್ದ ಕಡೆ ಹಸಿ ಮಣ್ಣು ಬಾಯಿ ತೆರೆದಿತ್ತು, ಹೊಸ್ತಿಲು ಎತ್ತರದಲ್ಲಿ ಒಂಟಿಯಾಗಿ ಉಳಿದಿತ್ತು. ಮುದುಕಿ ಇಳಿಯಲು ಹೊಳೆಯಪ್ಪ ಕೈ ಕೊಡಬೇಕಾಯಿತು.

ಲಾಡಸಾಬ ತನ್ನ ಬಾಗಿಲಿನಿಂದಲೇ ಇಳಿದ. "ಯವ್ವಾ, ಸ್ವಲ್ಪ ಈ ಮಗ್ಗಲಾ ಬರ್ರಿ" ಎಂದ.

ಎಷ್ಟೋ ಸಲ ಆ ಕಾರನ್ನು ಹತ್ತಿದ್ದರೂ ಅವಳು ಅದರ ಬಲಗಡೆಗೆ ಎಂದೂ ಬಂದಿರಲಿಲ್ಲ. ಕೋಲೂರುತ್ತ ಬಂದು ನಿಂತಳು.

"ಅಲ್ಲಿ ಯಾರೂ ಇಲ್ರಿ ಯವ್ವಾ. ನಾ ನೆಲಾ ಮುಟ್ಟತಿದ್ದಿಲ್ಲ. ಇವನ್ನ ಮುಟ್ಟತಿದ್ದೆ."

ಆಮೇಲೆ ಎಲ್ಲವನ್ನೂ ಹೇಳಿದ. ರಿಸೋಲ್ ಎಂದರೆ ಏನು, ಬಿಸಿಯಾದರೆ ಏನಾಗುತ್ತದೆ, ಐದು ಎಣಿಸುವುದು ಯಾಕೆ, ಕಲ್ಲು ಯಾಕೆ ಇಟ್ಟಿದ್ದ, ನಿಧಾನ ಯಾಕೆ ಓಡಿಸುತ್ತಿದ್ದ. ಮಾತು ಒಂದರ ಮೇಲೊಂದು ಬಿದ್ದವು. ಬೈಗುಳಕ್ಕೆ ಅವನು ತಯಾರಾಗಿ ಬಂದಿದ್ದ. ದೇವರ ಹೆಸರಿನಲ್ಲಿ ಮೋಸ ಮಾಡಿದೆ, ನನ್ನ ಮನೆಯ ಕಟ್ಟೆ ಕೀಳಿಸಿದೆ ಎಂದು ಅವಳು ಓಣಿಯನ್ನೇ ಕೂಡಿಸಬಹುದೆಂದು ಎಣಿಸಿದ್ದ.

ಕರಿಯವ್ವ ಕೋಲನ್ನು ಕಾರಿಗೆ ಒರಗಿಸಿ, ಹಿಂದಿನ ಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಅಂಗೈಯಿಟ್ಟು ಸವರಿದಳು. ರಬ್ಬರು ಸವೆದ ಕಡೆ ಒಳಗಿನ ನೂಲು ಕಾಣುತ್ತಿತ್ತು. ಅದನ್ನು ಉಗುರಿನಿಂದ ಒಂದು ಸಲ ಕೆರೆದಳು.

"ಅವತ್ತ ನನ್ನ ಹನಮಂತವ್ವ ಯಾವ ಮಗ್ಗಲಾ ಕುಂತಿದ್ಲು?"

"ಈ ಮಗ್ಗಲಾ ರಿ."

"ಈ ಗಾಲಿ ಮ್ಯಾಲೆ?"

"ಇದಲ್ರಿ. ಇಂಥಾದ ಇನ್ನೊಂದು."

ಅವಳು ಕಾರಿನ ಬಾಗಿಲು ಹಿಡಿದು ಎದ್ದಳು, ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ಕಲ್ಲು ಇಳಿಸು ಎಂದು ಹೊಳೆಯಪ್ಪನಿಗೆ ಹೇಳಿದಳು. ಅವನು ಯಾಕೆ ಎಂದು ಕೇಳಿದ. ಇಳಿಸೆಂದರೆ ಇಳಿಸು ಎಂದು ಒಳಗೆ ಹೋದಳು. ಹೊಸ್ತಿಲು ಎತ್ತರವಾಗಿದ್ದುದರಿಂದ ಎರಡೂ ಕೈ ಊರಿ ಏರಬೇಕಾಯಿತು. ಲಾಡಸಾಬ ಕೈ ಕೊಡಲು ಹೋದ. ಅವಳು ಹಿಡಿಯಲಿಲ್ಲ.

ಊರಿಗೆಲ್ಲ ಗೊತ್ತಾಗುತ್ತದೆ ಎಂದು ಅವನು ಕಾದ. ಗವಿಸಿದ್ದಪ್ಪ ಏನೆನ್ನಬಹುದೆಂದು ಮೊದಲೇ ಎಣಿಸಿಕೊಂಡು ತಲೆ ತಗ್ಗಿಸಿ ಕೂತ. ಯಾರೂ ಏನೂ ಅನ್ನಲಿಲ್ಲ. ಮೊಣಕಾಲು ನೋವು, ಕಟ್ಟೆಯ ಕೆಲಸ ಈಗ ಬೇಡ ಎಂದು ಕರಿಯವ್ವ ಜನರಿಗೆ ಹೇಳಿದ್ದಳಂತೆ. ಕಲ್ಲುಗಳು ಅವಳ ಬಾಗಿಲಿನ ಪಕ್ಕದಲ್ಲಿ ಗುಡ್ಡೆಯಾಗಿ ಬಿದ್ದಿದ್ದವು. ಅವುಗಳನ್ನು ಅವಳು ತಿರುಗಿ ಕಟ್ಟಿಸಲಿಲ್ಲ. ಲಾಡಸಾಬ ಆ ಓಣಿಯನ್ನು ಬಿಟ್ಟು ಸುತ್ತು ಹಾಕಿ ಹೋಗತೊಡಗಿದ.

ತಿಂಗಳೊಪ್ಪತ್ತಿಗೆ ಹನಮಂತವ್ವನನ್ನು ಗದಗಿಗೆ ಕರೆದುಕೊಂಡು ಹೋದರು, ಬಸ್ಸಿನಲ್ಲಿ. ಲಾಡಸಾಬ ನಿಲ್ದಾಣದ ಎದುರೇ ಇದ್ದ. ತುಂಬು ಬಸುರಿಯನ್ನು ಬಸ್ಸಿಗೆ ಹತ್ತಿಸುವುದನ್ನು ನೋಡಿ ಗವಿಸಿದ್ದಪ್ಪ, "ಯಾಕಲೇ, ನಿನ್ನ ಗಾಡಿಗೆ ಏನಾತು?" ಎಂದ. ಲಾಡಸಾಬ ಗೋದಾಮಿನ ಗೋಡೆಯ ಕಡೆಗೆ ನೋಡುತ್ತ ಕೂತ.

ಆ ವಾರವೇ ಪಡಸಾಲೆಯ ತಗಡು ಇಳಿಸಿದ. ಖೈರುನಬಿಯೇ ಏಣಿ ಹಿಡಿದಳು. ತಗಡು ಮಾರಿ, ಉಳಿದದ್ದಕ್ಕೆ ಎರಡು ತಿಂಗಳು ಹೊಂದಿಸಿ, ಎರಡು ಹೊಸ ಟಾಯರು ತಂದು ಬಲಗಡೆಗೆ ಹಾಕಿಸಿದ. ಹದಿಮೂರು ವರ್ಷದಲ್ಲಿ ಆ ಕಾರು ಕಂಡ ಮೊದಲ ಹೊಸ ಟಾಯರುಗಳು ಅವು. ಅಂದಿನಿಂದ ಗೋಡೆಯನ್ನು ಬಿಟ್ಟು, ಸುತ್ತಲೂ ಓಡಾಡಲು ಬರುವಂತೆ ನಡುವೆ ನಿಲ್ಲಿಸತೊಡಗಿದ.

ಬೇವಿನ ಗಿಡದ ಹತ್ತಿರ ಈಗಲೂ ನಿಲ್ಲುತ್ತಿದ್ದ, ಎಡಗಡೆಯವು ಇನ್ನೂ ರಿಸೋಲ್ ಆಗಿದ್ದವು. ಆದರೆ ಈಗ ಇಳಿಯುವ ಮೊದಲೇ ಬಾಡಿಗೆಯವರಿಗೆ ಹೇಳುತ್ತಿದ್ದ, ನಾನು ಟಾಯರು ಬಿಸಿಯಾಗಿದೆಯೇ ನೋಡುತ್ತೇನೆ ಅಷ್ಟೇ ಎಂದು. ಅವರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ದೊಡ್ಡ ಮನುಷ್ಯರು ಹೀಗೇ, ತಮ್ಮ ಭಕ್ತಿಯನ್ನು ಹೇಳಿಕೊಳ್ಳುವುದಿಲ್ಲ ಎನ್ನುತ್ತಿದ್ದರು. ಅವನು ಎಷ್ಟು ಬಿಡಿಸಿ ಹೇಳಿದರೆ ಅಷ್ಟು ಗೌರವ ಹೆಚ್ಚಾಗುತ್ತಿತ್ತು. ಕೊನೆಗೆ ಹೇಳುವುದನ್ನೂ ಬಿಟ್ಟು, ಕೆಳಗೆ ನೋಡುತ್ತ ಗಾಲಿ ಮುಟ್ಟಿ ಬರುತ್ತಿದ್ದ.

ಹೋಳಿ ಹುಣ್ಣಿಮೆಯ ಹಿಂದೆಮುಂದೆ ಒಂದು ಬೆಳಿಗ್ಗೆ ಕರಿಯವ್ವ ಕೋಲೂರುತ್ತ ಕಾರಿನ ಹತ್ತಿರ ಬಂದಳು. ಅವನು ಎದ್ದು ನಿಂತ. ಅವಳು ಅವನ ಮುಖ ನೋಡಲಿಲ್ಲ. ನೇರ ಬಲಗಡೆಗೆ ಹೋಗಿ ಮುಂದಿನ ಗಾಲಿ ನೋಡಿದಳು, ಹಿಂದಿನ ಗಾಲಿ ನೋಡಿದಳು. ಹೊಸ ರಬ್ಬರಿನ ಗೆರೆಯಲ್ಲಿ ಬೆರಳು ಇಟ್ಟು ಆಳ ನೋಡಿದಳು. ಕಾರಿನ ಹಿಂದಿನಿಂದ ಸುತ್ತಿ ಎಡಗಡೆಗೆ ಬಂದಳು. ಅಲ್ಲಿಯೂ ಬಗ್ಗಿದಳು. ಪಾಲಿಶ್ ಇಲ್ಲದ ಆ ಎರಡು ಗಾಲಿಗಳ ಅಂಚಿನಲ್ಲಿ ಪಟ್ಟಿ ಅಂಟಿಸಿದ ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು.

"ಇವು?"

"ಹಳೇವು ರಿ."

ಕರಿಯವ್ವ ಕೋಲೂರಿ ನೆಟ್ಟಗಾದಳು. ಆಮೇಲೆ, "ಇವೂ ಆಗ್ಲಿ. ಆದ ಮ್ಯಾಲೆ ಖಬರ ಕಳಸು" ಎಂದು ತನ್ನ ಚುರಮರಿಯ ಬುಟ್ಟಿಯ ಕಡೆಗೆ ನಡೆದಳು.

ಗವಿಸಿದ್ದಪ್ಪ ತನ್ನ ಕಾರಿನಿಂದ ತಲೆ ಹೊರಗೆ ಹಾಕಿ, ಮುದುಕಿ ಏನು ಅಂದಳು ಎಂದು ಕೇಳಿದ. ಕಾರನ್ನು ಗೋಡೆಗೆ ಎಡಮಗ್ಗುಲು ಆನಿಸಿ ತಿರುಗಿಸಿ ನಿಲ್ಲಿಸಬೇಕೆಂದು ಲಾಡಸಾಬನ ಕೈ ಒಂದು ಸಲ ಕೀಲಿಯ ಕಡೆಗೆ ಹೋಯಿತು. ಕೈ ಹಿಂದೆ ತೆಗೆದುಕೊಂಡು, ಗವಿಸಿದ್ದಪ್ಪನ ಕಡೆಗೆ ತಿರುಗಿ, "ಇಲ್ಲಿ ಬಾ, ಈ ಗಾಲಿ ನೋಡು" ಎಂದ.